ತಾಲಿಲ್ಲಿನ್: ಸ್ವಯಂಸೇವಕರು ಉಳಿಸಿದ ಉಗಿಬಂಡಿ ದಾರಿ

ವೇಲ್ಸ್‌ನ ಪಶ್ಚಿಮ ಕರಾವಳಿಯಲ್ಲಿರುವ ಟೌವಿನ್ ಎಂಬ ಸಣ್ಣ ಊರಿನಿಂದ ಒಳನಾಡಿನ ಬೆಟ್ಟಗಳತ್ತ ಹತ್ತಿಹೋಗುವ ತಾಲಿಲ್ಲಿನ್ ರೈಲುಮಾರ್ಗವು ಸ್ವಯಂಸೇವಕರು ತಾವಾಗಿಯೇ ವಹಿಸಿಕೊಂಡು ಉಳಿಸಿದ ಜಗತ್ತಿನ ಮೊದಲ ರೈಲುಮಾರ್ಗ. ಅದರ ಉದ್ದ ಏಳೂಕಾಲು ಮೈಲಿ, ಅಂದರೆ ಹನ್ನೆರಡು ಕಿಲೋಮೀಟರಿಗೂ ಕಡಿಮೆ. ಹಳಿಗಳ ನಡುವಿನ ಅಂತರ ಎರಡು ಅಡಿ ಮೂರು ಅಂಗುಲ, ಅಂದರೆ 686 ಮಿಲಿಮೀಟರ್. ಮಲೆನಾಡಿನಲ್ಲಿ ಒಂದು ಕಾಲಕ್ಕೆ ಓಡುತ್ತಿದ್ದ ತರೀಕೆರೆ–ನರಸಿಂಹರಾಜಪುರ ಕಿರುರೈಲಿನ ಹಳಿಗಿಂತ ಇದು ಮೂರೇ ಅಂಗುಲ ಅಗಲ. ಇಷ್ಟು ಚಿಕ್ಕ ದಾರಿಯೊಂದು ರೈಲು ಸಂರಕ್ಷಣೆಯ ಇತಿಹಾಸದಲ್ಲಿ ಮೊದಲ ಅಧ್ಯಾಯವಾಗಿ ನಿಂತದ್ದು ಅದರ ಎಂಜಿನ್‌ಗಳು ಹಳೆಯವು ಎಂಬ ಕಾರಣಕ್ಕಲ್ಲ. ಆ ಎಂಜಿನ್‌ಗಳನ್ನು ಒರೆಸಿ, ಬೂದಿ ಬಳಿದು, ಬಾಯ್ಲರ್ ತೊಳೆದು ಮರುದಿನದ ಓಟಕ್ಕೆ ಅಣಿ ಮಾಡುವ ಕೆಲಸವನ್ನು ಸಂಬಳವಿಲ್ಲದ ಜನ ಒಂದು ಶಿಸ್ತಾಗಿ ರೂಪಿಸಿಕೊಂಡರು. ಸಂಸ್ಥೆಯ ಆಯುಷ್ಯ ನಿಂತಿರುವುದು ಆ ಶಿಸ್ತಿನ ಮೇಲೆ.

ದಾರಿ ಹುಟ್ಟಿದ್ದು ಸ್ಲೇಟು ಕಲ್ಲಿಗಾಗಿ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಬರುವುದು ನಿಂತಾಗ ಮ್ಯಾಂಚೆಸ್ಟರಿನ ಗಿರಣಿ ಮಾಲೀಕರು ಹಣ ಹೂಡಲು ಬೇರೆ ದಾರಿ ಹುಡುಕಿದರು. ಅವರಲ್ಲಿ ಮೆಕಾನೆಲ್ ಮನೆತನದವರು ಟೌವಿನ್ ಹಿಂದಿನ ಬೆಟ್ಟದ ಬ್ರಿನ್ ಎಗ್ಲೂಯಿಸ್ ಕಲ್ಲುಗಣಿಯಲ್ಲಿ ಬಂಡವಾಳ ತೊಡಗಿಸಿ, ಅಲ್ಲಿಂದ ಕಲ್ಲು ಇಳಿಸಲು ರೈಲು ಹಾಕಿಸಿದರು. 1865ರಲ್ಲಿ ಪಾರ್ಲಿಮೆಂಟಿನ ಕಾಯ್ದೆ ದೊರೆಯಿತು. ಎಂಜಿನಿಯರ್ ಜೇಮ್ಸ್ ಸ್ವಿಂಟನ್ ಸ್ಪೂನರ್. ವೈಟ್‌ಹೇವನ್‌ನ ಫ್ಲೆಚರ್ ಜೆನ್ನಿಂಗ್ಸ್ ಕಾರ್ಖಾನೆಯಿಂದ ಎರಡು ಎಂಜಿನ್‌ಗಳು ಬಂದವು: 1864ರ ‘ತಾಲಿಲ್ಲಿನ್’, 1866ರ ‘ಡಾಲ್ಗೋಖ್’. ಪ್ರಯಾಣಿಕರ ಓಡಾಟಕ್ಕೆ ಮುನ್ನ ಸರ್ಕಾರದ ಪರವಾಗಿ ತಪಾಸಣೆಗೆ ಬಂದ ಕ್ಯಾಪ್ಟನ್ ಟೈಲರ್ ಎರಡರಲ್ಲೂ ದೋಷ ಕಂಡರು. ಒಂದು ಮೇಲೆ ಕೆಳಗೆ ಕುಣಿಯುತ್ತಿತ್ತು, ಇನ್ನೊಂದು ಅಡ್ಡಡ್ಡ ತೂಗುತ್ತಿತ್ತು. ಮೊದಲನೆಯದಕ್ಕೆ ಹಿಂದೆ ಮತ್ತೊಂದು ಜೋಡಿ ಗಾಲಿ ಕೂಡಿಸಿ ಸರಿಪಡಿಸಲಾಯಿತು. ಸೇತುವೆಗಳ ಕೆಳಗೆ ಗಾಡಿಗೂ ಗೋಡೆಗೂ ನಡುವೆ ಸಾಕಷ್ಟು ಜಾಗ ಬಿಟ್ಟಿರಲಿಲ್ಲವಾದ್ದರಿಂದ ಗಾಡಿಯ ಒಂದು ಬದಿಯ ಬಾಗಿಲುಗಳನ್ನು ಕಾಯಂ ಆಗಿ ಮುಚ್ಚಿಸಲಾಯಿತು. ಇಂದಿಗೂ ತಾಲಿಲ್ಲಿನ್ ಗಾಡಿಗಳಿಗೆ ಒಂದೇ ಬದಿಯಲ್ಲಿ ಬಾಗಿಲು.

ಆಮೇಲಿನ ಎಂಬತ್ತು ವರ್ಷ ಆ ದಾರಿಗೆ ಮೂರನೆಯ ಎಂಜಿನ್ ಬರಲಿಲ್ಲ. ನಾಲ್ಕು ಪ್ರಯಾಣಿಕರ ಗಾಡಿ, ಒಂದು ಗಾರ್ಡ್ ಗಾಡಿ, ಎರಡು ಎಂಜಿನ್; ಆಸ್ತಿ ಅಷ್ಟೇ. 1911ರಲ್ಲಿ ಆ ಜಿಲ್ಲೆಯ ಪಾರ್ಲಿಮೆಂಟ್ ಸದಸ್ಯ ಹೆನ್ರಿ ಹೇಡನ್ ಜೋನ್ಸ್ ಗಣಿಯನ್ನೂ ರೈಲನ್ನೂ ಕೊಂಡರು. ಮುಂದೆ ಸರ್ ಪದವಿ ಪಡೆದ ಈ ಮನುಷ್ಯ ತಾನು ಬದುಕಿರುವ ತನಕ ರೈಲು ನಿಲ್ಲುವುದಿಲ್ಲ ಎಂದು ಮಾತು ಕೊಟ್ಟಿದ್ದರು. 1946ರ ಡಿಸೆಂಬರ್‌ನಲ್ಲಿ ಗಣಿ ಕುಸಿದು ಮುಚ್ಚಿತು, ಸಾಗಿಸಲು ಸರಕಿಲ್ಲದಾಯಿತು. ಆದರೂ ಬೇಸಿಗೆಯಲ್ಲಿ ವಾರಕ್ಕೆ ಎರಡು ದಿನದಂತೆ ರೈಲು ಓಡುತ್ತಲೇ ಇತ್ತು. 1947ರ ಸಾರಿಗೆ ಕಾಯ್ದೆಯಡಿ ಬ್ರಿಟನ್ನಿನ ರೈಲು ಕಂಪನಿಗಳನ್ನೆಲ್ಲ ರಾಷ್ಟ್ರೀಕರಿಸಿದಾಗ ಆ ಪಟ್ಟಿಯಲ್ಲಿ ತಾಲಿಲ್ಲಿನ್ ಹೆಸರು ಇರಲಿಲ್ಲ. ಸೇರಿದ್ದರೆ ಅದರ ಗತಿ ನೆರೆಯ ಕಾರಿಸ್ ರೈಲಿನಂತೆಯೇ ಆಗುತ್ತಿತ್ತು. ಅದೇ ಅಗಲದ ಹಳಿಯ ಕಾರಿಸ್ ಮಾರ್ಗವನ್ನು ಸರ್ಕಾರಿ ರೈಲ್ವೆ 1948ರಲ್ಲಿ ಮುಚ್ಚಿತು.

1950ರ ಜುಲೈ 2ರಂದು ಸರ್ ಹೇಡನ್ ತೀರಿಕೊಂಡರು. ಆ ವೇಳೆಗೆ ಈ ದಾರಿಯ ಮೇಲೆ ಕಣ್ಣಿಟ್ಟಿದ್ದವರು ಲೇಖಕ ಟಾಮ್ ರೋಲ್ಟ್. 1910ರಲ್ಲಿ ಹುಟ್ಟಿದ ರೋಲ್ಟ್ ಬರಹಗಾರರಾಗುವ ಮುನ್ನ ಸ್ಟೋಕ್ ನಗರದ ಕೆರ್ ಸ್ಟುವರ್ಟ್ ಎಂಜಿನ್ ಕಾರ್ಖಾನೆಯಲ್ಲಿ ಕೆಲಸ ಕಲಿತವರು. ಪಾಳುಬಿದ್ದ ಒಳನಾಡಿನ ಕಾಲುವೆಗಳನ್ನು ಉಳಿಸಲು 1946ರಲ್ಲಿ ಸಂಘ ಕಟ್ಟಿದವರಲ್ಲಿ ಅವರೂ ಒಬ್ಬರು. ಹಾಗಾಗಿ ಎಂಜಿನ್ ಬಿಚ್ಚುವುದೂ ಗೊತ್ತಿತ್ತು, ಜನ ಕೂಡಿಸುವುದೂ ಗೊತ್ತಿತ್ತು. ತಾಲಿಲ್ಲಿನ್‌ನ ಮುಂದಿನ ದಿನಗಳನ್ನು ನೋಡಿದರೆ ಇವೆರಡರಲ್ಲಿ ಯಾವುದು ಹೆಚ್ಚು ಉಪಯೋಗಕ್ಕೆ ಬಂತೆಂದು ಹೇಳುವುದು ಕಷ್ಟ. ಅವರು ಬರ್ಮಿಂಗ್‌ಹ್ಯಾಮ್ ಪತ್ರಿಕೆಗೆ ಬರೆದ ಪತ್ರಕ್ಕೆ ಸ್ಪಂದನೆ ಸಿಕ್ಕಿತು. 1950ರ ಅಕ್ಟೋಬರ್ 11ರಂದು ಆ ನಗರದ ಇಂಪೀರಿಯಲ್ ಹೋಟೆಲಿನಲ್ಲಿ ಸಭೆ ಸೇರಿ ತಾಲಿಲ್ಲಿನ್ ರೈಲು ಸಂರಕ್ಷಣಾ ಸಂಘ ಹುಟ್ಟಿತು. ಸರ್ ಹೇಡನ್ ಅವರ ಪತ್ನಿ ಕಂಪನಿಯ ಷೇರುಗಳನ್ನು ಸಂಘದ ಪರವಾದ ಸಂಸ್ಥೆಗೆ ವರ್ಗಾಯಿಸಲು ಒಪ್ಪಿದರು. ಹಣ ಕೊಟ್ಟು ಕೊಂಡದ್ದಕ್ಕಿಂತ ನಂಬಿ ಕೊಟ್ಟದ್ದು ಎಂದರೆ ಸರಿಹೋದೀತು.

1951ರ ಮೇ 14ರಂದು, ಕ್ರೈಸ್ತರ ಪೆಂಟೆಕೋಸ್ಟ್ ಹಬ್ಬದ ಮರುದಿನದ ರಜೆಯಲ್ಲಿ, ಸಂಘದ ಆಡಳಿತದ ಮೊದಲ ರೈಲು ಟೌವಿನ್‌ನ ವಾರ್ಫ್ ನಿಲ್ದಾಣದಿಂದ ರಿಡರೋನೆನ್‌ವರೆಗೆ ಓಡಿತು. ಪೂರ್ತಿ ದಾರಿಯಲ್ಲಿ ಓಡಿಸುವ ಧೈರ್ಯ ಇನ್ನೂ ಬಂದಿರಲಿಲ್ಲ. ಹಳಿಗಳು 1860ರ ದಶಕದಲ್ಲಿ ಹಾಕಿದ ಮೆದುಕಬ್ಬಿಣದವು. ಸ್ಲೀಪರುಗಳು ಕೊಳೆತಿದ್ದವು. ಹಲವೆಡೆ ಹಳಿಯನ್ನು ಹಿಡಿದಿಟ್ಟದ್ದು ಹುಲ್ಲಿನ ಬೇರು ಎಂಬುದು ಬರೀ ತಮಾಷೆಯ ಮಾತಾಗಿರಲಿಲ್ಲ. ‘ತಾಲಿಲ್ಲಿನ್’ ಎಂಜಿನ್ 1945ರಿಂದ ಕೆಟ್ಟು ನಿಂತಿತ್ತು. 85 ವರ್ಷದ ‘ಡಾಲ್ಗೋಖ್’ ಒಂದೇ ಎಲ್ಲ ರೈಲುಗಳನ್ನೂ ಎಳೆಯಬೇಕಾಗಿತ್ತು. ಅದು ನಿಂತರೆ ಸಂಸ್ಥೆಯೇ ನಿಂತಂತೆ. ರೋಲ್ಟ್ ಆ ವರ್ಷವೂ ಮುಂದಿನ ವರ್ಷವೂ ವ್ಯವಸ್ಥಾಪಕರಾಗಿದ್ದರು, ಡೇವಿಡ್ ಕರ್ವೆನ್ ಮೊದಲ ಮೆಕ್ಯಾನಿಕಲ್ ಎಂಜಿನಿಯರ್.

ಬದಲಿ ಎಂಜಿನ್‌ಗಾಗಿ ಸಂಘ ಕಾರಿಸ್ ಕಡೆ ನೋಡಿತು. ಅಲ್ಲಿ ಮುಚ್ಚಿದ ದಾರಿಯ ಎರಡು ಎಂಜಿನ್‌ಗಳು ಮಾರಾಟಕ್ಕೆ ನಿಂತಿದ್ದವು. ತಲಾ 25 ಪೌಂಡಿಗೆ ಸಿಕ್ಕವು. 1878ರಲ್ಲಿ ಮಾಡಿದ್ದಕ್ಕೆ ‘ಸರ್ ಹೇಡನ್’ ಎಂದೂ 1921ರದಕ್ಕೆ ಹಿಂದಿನ ವ್ಯವಸ್ಥಾಪಕರ ನೆನಪಿಗೆ ‘ಎಡ್ವರ್ಡ್ ಥಾಮಸ್’ ಎಂದೂ ಹೆಸರಿಟ್ಟರು. ಕೊಂಡದ್ದು ಅಗ್ಗವಾಯಿತು, ಓಡಿಸುವುದು ಅಷ್ಟು ಸಲೀಸಾಗಲಿಲ್ಲ. ‘ಸರ್ ಹೇಡನ್’ ಮೊದಲ ಓಟಗಳಲ್ಲೇ ಹಳಿ ತಪ್ಪಿತು. ಅದರ ಗಾಲಿಯ ಪಟ್ಟಿ ಕಿರಿದು, ತಾಲಿಲ್ಲಿನ್ ಹಳಿಗಳ ಅಂತರವೋ ಕಾಲಕ್ರಮದಲ್ಲಿ ಲೆಕ್ಕಕ್ಕಿಂತ ಅಗಲವಾಗಿತ್ತು. ಗಾಲಿ ಎರಡು ಹಳಿಗಳ ನಡುವೆ ಜಾರಿ ನೆಲಕ್ಕಿಳಿಯುತ್ತಿತ್ತು. ಹಳಿ ಬದಲಿಸುವ ತನಕ ಅದನ್ನು ಪಕ್ಕಕ್ಕಿಡಬೇಕಾಯಿತು. ‘ಎಡ್ವರ್ಡ್ ಥಾಮಸ್’ ಕಥೆ ಬೇರೆ. ಅದನ್ನು ಮಾಡಿದ್ದು ರೋಲ್ಟ್ ಕೆಲಸ ಕಲಿತ ಕೆರ್ ಸ್ಟುವರ್ಟ್ ಕಾರ್ಖಾನೆ. ಆ ಕಂಪನಿಯ ನಕ್ಷೆಗಳೂ ವ್ಯವಹಾರವೂ ಲೀಡ್ಸ್ ನಗರದ ಹನ್ಸ್‌ಲೆಟ್ ಕಂಪನಿಯ ಕೈಗೆ ಬಂದಿದ್ದವು. ಹನ್ಸ್‌ಲೆಟ್ ಎಂಜಿನ್ನನ್ನು ಹಣ ಪಡೆಯದೆ ದುರಸ್ತಿ ಮಾಡಿಕೊಟ್ಟಿತು. 1952ರಲ್ಲಿ ಅದು ಓಡತೊಡಗಿದ ಮೇಲೆ ‘ಡಾಲ್ಗೋಖ್’ಗೆ ಉಸಿರಾಡಲು ಪುರುಸೊತ್ತು ಸಿಕ್ಕಿತು. 1953ರಲ್ಲಿ ಏಬಲ್‌ಸನ್ ಕಂಪನಿ 1918ರ ಇನ್ನೊಂದು ಎಂಜಿನ್ನನ್ನು ದಾನವಾಗಿ ಕೊಟ್ಟಿತು. ಅದು ಹಿಂದೆ ವಿಮಾನ ಪಡೆಯ ನೆಲೆಯೊಂದರಲ್ಲಿ ದುಡಿದದ್ದು. ಈಗ ಅದರ ಹೆಸರು ‘ಡಗ್ಲಸ್’. ಮೂಲ ಎಂಜಿನ್‌ಗಳ ಪೈಕಿ ‘ತಾಲಿಲ್ಲಿನ್’ 1958ರಲ್ಲಿ ಮರಳಿ ಓಡಿತು. 1954ರಲ್ಲಿ ಬಿಡುವಿಗೆ ಹೋದ ‘ಡಾಲ್ಗೋಖ್’ ಹೊಸ ಬಾಯ್ಲರಿನೊಂದಿಗೆ 1963ರಲ್ಲಿ ಹಿಂತಿರುಗಿತು. ಒಂಬತ್ತು ವರ್ಷ ತೀರ ದೀರ್ಘವೆನಿಸಬಹುದು. ಬಿಡುವಿನ ವೇಳೆಯಲ್ಲಿ ದುಡಿಯುವ ಸಂಸ್ಥೆಗೆ ಹಣ ಬಂದಂತೆ ಕೆಲಸ, ಕೆಲಸ ನಡೆದಂತೆ ಹಣ.

ಎಂಜಿನ್‌ಗಳ ದಿನಚರಿ ನಡೆಯುವುದು ವಾರ್ಫ್‌ನಿಂದ ಸ್ವಲ್ಪ ಮೇಲಿರುವ ಪೆಂಡ್ರೆ ಎಂಬಲ್ಲಿಯ ಲೋಕೋ ಶೆಡ್ಡಿನಲ್ಲಿ. ಪಕ್ಕದಲ್ಲೇ ದುರಸ್ತಿ ಕಾರ್ಖಾನೆ. ಬೆಳಗಿನ ಮೊದಲ ರೈಲಿಗೆ ಎಷ್ಟೋ ಗಂಟೆ ಮುಂಚೆಯೇ ಅಲ್ಲಿ ಕೆಲಸ ಹತ್ತುತ್ತದೆ. ಬಂದವರು ಮೊದಲು ನೋಡುವುದು ಬೆಂಕಿಯನ್ನಲ್ಲ, ನೀರನ್ನು. ಚಾಲಕನ ಮುಂದಿನ ಗಾಜಿನ ಕೊಳವೆಯಲ್ಲಿ ಬಾಯ್ಲರಿನ ನೀರಿನ ಮಟ್ಟ ಕಾಣುತ್ತದೆ. ಅದು ಸರಿಯಿದೆಯೆಂದು ಖಾತ್ರಿಯಾಗದೆ ಕಡ್ಡಿ ಗೀರುವಂತಿಲ್ಲ. ಉಗಿ ಎಂಜಿನ್‌ನಲ್ಲಿ ಕ್ಷಮೆಯಿಲ್ಲದ ತಪ್ಪು ಅದೊಂದೇ. ಬೆಂಕಿ ಉರಿಯುವ ಪೆಟ್ಟಿಗೆಯಾದ ಫೈರ್‌ಬಾಕ್ಸಿನ ಮಾಳಿಗೆ ಸದಾ ನೀರಿನಲ್ಲಿ ಮುಳುಗಿರಬೇಕು. ನೀರು ಇಳಿದು ಮಾಳಿಗೆ ಬರಿದಾದರೆ ಲೋಹ ಕೆಂಪಾಗಿ ಮೆದುವಾಗುತ್ತದೆ, ಮೇಲಿನ ಉಗಿಯ ಒತ್ತಡಕ್ಕೆ ಕುಸಿಯುತ್ತದೆ. ಇದಕ್ಕಾಗಿಯೇ ಮಾಳಿಗೆಯಲ್ಲಿ ನಡುವೆ ಸೀಸ ತುಂಬಿದ ಬಿರಡೆಯೊಂದನ್ನು ಕೂಡಿಸಿರುತ್ತಾರೆ. ನೀರು ಇಳಿದರೆ ಸೀಸ ಕರಗಿ ಉಗಿ ಬೆಂಕಿಯ ಮೇಲೆ ಭೋರ್ಗರೆದು ಎಚ್ಚರಿಸುತ್ತದೆ. ಆ ಬಿರಡೆಯನ್ನು ಕಾಲಕಾಲಕ್ಕೆ ಕಳಚಿ ನೋಡುವುದೂ ಬದಲಿಸುವುದೂ ಶೆಡ್ಡಿನ ಕೆಲಸವೇ.

ನೀರು ನೋಡಿದ ಮೇಲೆ ಹಿಂದಿನ ದಿನದ ಕಸ. ಕಲ್ಲಿದ್ದಲು ಉರಿದಾಗ ಅದರಲ್ಲಿನ ಮಣ್ಣಿನಂಶ ಕರಗಿ ಜಾಲರಿಯ ಮೇಲೆ ಗಟ್ಟಿ ಕಿಟ್ಟವಾಗಿ ಅಂಟಿಕೊಳ್ಳುತ್ತದೆ; ಅದನ್ನು ಉದ್ದನೆಯ ಸಲಾಕೆಯಿಂದ ಒಡೆದು ತೆಗೆಯಬೇಕು. ಬಿಟ್ಟರೆ ಗಾಳಿ ಮೇಲೇರದೆ ಬೆಂಕಿ ಮಂಕಾಗುತ್ತದೆ. ಜಾಲರಿಯ ಕೆಳಗಿನ ತಟ್ಟೆಯ ಬೂದಿಯನ್ನು ಎಳೆದು ಹಾಕಬೇಕು. ಮುಂದುಗಡೆ ಚಿಮಣಿಯ ಕೆಳಗಿರುವ ಹೊಗೆಕೋಣೆಯಲ್ಲಿ ಅರೆಸುಟ್ಟ ಕಿಡಿಪುಡಿ ರಾಶಿ ಬಿದ್ದಿರುತ್ತದೆ. ಅದನ್ನು ಸಲಿಕೆಯಲ್ಲಿ ಎತ್ತಿ, ಬಾಗಿಲಿನ ಅಂಚು ಒರೆಸಿ, ಎಲ್ಲೂ ಸಂದಿ ಬಿಡದಂತೆ ಬಿಗಿಯಾಗಿ ಮುಚ್ಚಬೇಕು. ಅಲ್ಲಿ ಗಾಳಿ ಸೋರಿದರೆ ಬೆಂಕಿಯನ್ನು ಎಳೆಯುವ ಸೆಳೆತವೇ ಸಾಯುತ್ತದೆ. ಬಾಯ್ಲರಿನ ಉದ್ದಕ್ಕೂ ಹಾದುಹೋಗುವ ಕೊಳವೆಗಳ ಒಳಗೆ ಮಸಿ ಕಟ್ಟಿರುತ್ತದೆ. ಉದ್ದ ಕಂಬಿಯ ತುದಿಗೆ ಬ್ರಷ್ ಕಟ್ಟಿ ಒಂದೊಂದನ್ನೇ ಉಜ್ಜಬೇಕು, ಏಕೆಂದರೆ ಮಸಿಯ ಪದರ ಬೆಂಕಿಯ ಶಾಖವನ್ನು ನೀರಿಗೆ ಮುಟ್ಟಗೊಡುವುದಿಲ್ಲ. ಇಷ್ಟಾದ ಮೇಲೆ ಎಣ್ಣೆಬಟ್ಟೆ, ಸೌದೆ, ಮೇಲೆ ಕಲ್ಲಿದ್ದಲು. ಬೆಂಕಿಯನ್ನು ಅವಸರದಿಂದ ಎಬ್ಬಿಸುವುದಿಲ್ಲ. ತಣ್ಣಗಿರುವ ಲೋಹ ಒಂದೆಡೆ ಬೇಗ ಕಾದು ಇನ್ನೊಂದೆಡೆ ತಣ್ಣಗೇ ಉಳಿದರೆ ಕೀಲುಗಳು ಸಡಿಲಾಗುತ್ತವೆ, ಕೊಳವೆಯ ತುದಿಗಳು ಒಸರತೊಡಗುತ್ತವೆ.

ಉಗಿ ಏರುವ ಆ ಬಿಡುವಿನಲ್ಲೇ ಒರೆಸುವ ಕೆಲಸ. ಕೈಯಲ್ಲಿ ವೇಸ್ಟ್ ಬಟ್ಟೆ, ಪಕ್ಕದಲ್ಲಿ ಸೀಮೆಎಣ್ಣೆ. ಚಿಮಣಿ, ಬಾಯ್ಲರ್ ಹೊದಿಕೆ, ನೀರಿನ ಟ್ಯಾಂಕು, ಅನಂತರ ಚೌಕಟ್ಟು, ಗಾಲಿ, ಸಲಾಕೆ, ಹೀಗೆ ಮೇಲಿನಿಂದ ಕೆಳಗೆ. ಕೆಳಗಿನಿಂದ ಶುರು ಮಾಡಿದವನು ಎರಡು ಸಲ ಒರೆಸಬೇಕಾಗುತ್ತದೆ. ಹಿತ್ತಾಳೆ, ತಾಮ್ರದ ಭಾಗಗಳಿಗೆ ಹೊಳಪಿನ ಮದ್ದು. ನೋಡುವವರಿಗೆ ಇದು ಅಲಂಕಾರದಂತೆ ಕಾಣುತ್ತದೆ, ಫೋಟೋ ಹಿಡಿಯುವವರಿಗೆ ಬೇಕಾದದ್ದೂ ಅದೇ. ಆದರೆ ಹಳೆಯ ಕಾಲದ ರೈಲು ಕಂಪನಿಗಳು ಹುಡುಗರಿಗೆ ಕೂಲಿ ಕೊಟ್ಟು ಎಂಜಿನ್ ಒರೆಸಿಸಿದ್ದು ಅಂದಕ್ಕಾಗಿ ಮಾತ್ರವಲ್ಲ. ಕೊಳೆ, ಜಿಡ್ಡಿನ ಕೆಳಗೆ ಬಿರುಕು ಕಾಣುವುದಿಲ್ಲ. ಒರೆಸಿದ ಚೌಕಟ್ಟಿನ ಮೇಲೆ ಕೂದಲೆಳೆಯಷ್ಟು ಗೆರೆ ಇದ್ದರೂ ಅದರೊಳಗೆ ಇಳಿದ ಎಣ್ಣೆ ಮತ್ತೆ ಒಸರಿ ಗೆರೆಯನ್ನು ತೋರಿಸಿಕೊಡುತ್ತದೆ. ಸಡಿಲಾದ ನಟ್ಟು, ಉದುರಿದ ಪಿನ್ನು, ಸವೆದ ಸ್ಪ್ರಿಂಗ್ ಪಟ್ಟಿ ಮೊದಲು ಸಿಗುವುದು ಒರೆಸುವವನ ಕೈಗೇ. ಎಂಜಿನ್ ಒರೆಸುವುದೆಂದರೆ ಅದನ್ನು ಇಂಚಿಂಚಾಗಿ ತಪಾಸಣೆ ಮಾಡುವುದು. ಹೊಸಬರನ್ನು ಮೊದಲು ಇದಕ್ಕೇ ಹಚ್ಚುವುದರ ಹಿಂದಿನ ವಿವೇಕ ಇದು. ಒಂದು ಋತು ಒರೆಸಿದವನಿಗೆ ಎಂಜಿನ್‌ನ ಯಾವ ಭಾಗ ಎಲ್ಲಿದೆ, ಯಾವುದು ಯಾವುದಕ್ಕೆ ಸೇರಿದೆ ಎಂಬುದು ಪುಸ್ತಕದ ಹಂಗಿಲ್ಲದೆ ತಿಳಿದಿರುತ್ತದೆ.

ಅನಂತರ ಎಣ್ಣೆ. ಚಲಿಸುವ ಪ್ರತಿಯೊಂದು ಕೀಲಿನ ಮೇಲೂ ಪುಟ್ಟ ಎಣ್ಣೆ ಬಟ್ಟಲಿದೆ. ಅದರೊಳಗಿನ ಉಣ್ಣೆಯ ಬತ್ತಿ ಎಣ್ಣೆಯನ್ನು ಹೀರಿ ಹನಿಹನಿಯಾಗಿ ಕೀಲಿಗೆ ಇಳಿಸುತ್ತದೆ. ಬತ್ತಿ ದಪ್ಪವಾದರೆ ಕೀಲಿಗೆ ಎಣ್ಣೆ ಸಾಲದು, ತೆಳುವಾದರೆ ಮಧ್ಯಾಹ್ನದೊಳಗೆ ಬಟ್ಟಲು ಬರಿದು. ಈ ಬತ್ತಿ ಕಟ್ಟುವ ಕೈಚಳಕವನ್ನು ಯಾವ ಯಂತ್ರವೂ ವಹಿಸಿಕೊಂಡಿಲ್ಲ. ಸಿಲಿಂಡರಿಗೆ ಬೇರೆಯ ಮಂದ ಎಣ್ಣೆ ಬೇಕು, ತೆಳು ಎಣ್ಣೆ ಉಗಿಯ ಶಾಖಕ್ಕೆ ನಿಲ್ಲುವುದಿಲ್ಲ.

ದಿನದ ಕೆಲಸಕ್ಕಿಂತ ಭಾರವಾದದ್ದು ಬಾಯ್ಲರ್ ತೊಳೆಯುವುದು. ನೀರು ಆವಿಯಾಗಿ ಹೋದರೂ ಅದರಲ್ಲಿ ಕರಗಿದ ಲವಣ, ಕೆಸರು ಒಳಗೇ ಉಳಿಯುತ್ತವೆ. ಇಂತಿಷ್ಟು ದಿನ ಓಡಿದ ಮೇಲೆ ಎಂಜಿನ್ನನ್ನು ನಿಲ್ಲಿಸಿ, ತಾನಾಗಿ ತಣಿಯಲು ಬಿಟ್ಟು, ನೀರು ಬಸಿದು, ಸುತ್ತಲಿನ ಬಿರಡೆಗಳನ್ನೆಲ್ಲ ಬಿಚ್ಚಿ, ರಭಸದ ನೀರು ಹಾಯಿಸಿ, ಕಂಬಿಯಿಂದ ಕೆದಕಿ ಮೂಲೆಮೂಲೆಯ ಹಕ್ಕಳೆಯನ್ನು ಹೊರತೆಗೆಯುತ್ತಾರೆ. ಬಿಸಿ ಬಾಯ್ಲರಿಗೆ ತಣ್ಣೀರು ಸುರಿಯುವ ಆತುರ ಮಾಡಿದರೆ ಲೋಹ ಕುಗ್ಗಿ ಬಿರಿಯುತ್ತದೆ. ಫೈರ್‌ಬಾಕ್ಸಿನ ಒಳಗೋಡೆಯನ್ನೂ ಹೊರಗೋಡೆಯನ್ನೂ ನೂರಾರು ಗೂಟಗಳು ಬಿಗಿದಿರುತ್ತವೆ. ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಗಟ್ಟಿ ಗೂಟದ ನಾದವೇ ಬೇರೆ, ಮುರಿದ ಗೂಟದ ಸದ್ದೇ ಬೇರೆ. ಈ ಕಿವಿ ಬರಲು ವರ್ಷಗಳು ಬೇಕು.

ಇಷ್ಟು ಜವಾಬ್ದಾರಿಯ ಕೆಲಸವನ್ನು ವಾರಾಂತ್ಯಕ್ಕೆ ಬರುವ ಗುಮಾಸ್ತ, ಶಿಕ್ಷಕ, ವಿದ್ಯಾರ್ಥಿಗಳ ಕೈಗೆ ಕೊಡುವುದು ಹೇಗೆ ಎಂಬ ಪ್ರಶ್ನೆ ಆರಂಭದಲ್ಲೇ ಎದ್ದಿತ್ತು. ಉತ್ತರ ಹಳೆಯ ರೈಲ್ವೆಯ ಪದ್ಧತಿಯಲ್ಲೇ ಇತ್ತು: ಮೊದಲು ಕ್ಲೀನರ್, ಆಮೇಲೆ ಫೈರ್‌ಮನ್, ಕೊನೆಗೆ ಡ್ರೈವರ್. ಒಂದೊಂದು ಮೆಟ್ಟಿಲಿಗೂ ನಿಯಮಪುಸ್ತಕದ ಪರೀಕ್ಷೆ, ಅನುಭವಿಯ ಜೊತೆ ಓಟಗಳು, ಒಪ್ಪಿಗೆಯ ಸಹಿ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಬ್ರಿಟನ್ನಿನ ಎಂಜಿನ್ ಕೆಲಸಗಾರರು ಬಿಡುವಿನ ವೇಳೆಯಲ್ಲಿ ತಾವೇ ಕೂಡಿ ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳುವ ತರಗತಿಗಳನ್ನು ನಡೆಸುತ್ತಿದ್ದರು. ಆಡಳಿತ ಕಲಿಸದ್ದನ್ನು ಸಹೋದ್ಯೋಗಿ ಕಲಿಸುತ್ತಿದ್ದ. ಸರ್ಕಾರಿ ರೈಲ್ವೆಯಲ್ಲಿ ಉಗಿಯ ಜೊತೆಗೆ ಕರಗಿದ ಆ ಪರಂಪರೆ ಇಂದು ಸಂರಕ್ಷಿತ ಮಾರ್ಗಗಳ ಶೆಡ್ಡುಗಳಲ್ಲಿ ಮುಂದುವರಿದಿದೆ. ಎಂಜಿನ್ ಓಡಿಸುವವರು ನಿಲ್ಲುವ ಫುಟ್‌ಪ್ಲೇಟಿನ ಮೇಲೆ ನಿಲ್ಲುವ ಆಸೆಯಿಂದಲೇ ಬಹುಪಾಲು ಜನ ಬರುತ್ತಾರೆ. ಅಲ್ಲಿಗೆ ಏರುವ ದಾರಿ ಬೂದಿತಟ್ಟೆಯ ಮೂಲಕವೇ ಎಂದು ತಿಳಿದಾಗ ಕೆಲವರು ಹಿಂತಿರುಗಿ ಬರುವುದಿಲ್ಲ. ಉಳಿದವರೇ ಸಂಸ್ಥೆಯ ಬಲ.

ಕಾನೂನಿನ ಕಟ್ಟುಪಾಡು ಸಡಿಲವಲ್ಲ. ಸಂಬಳವಿಲ್ಲದವನು ಓಡಿಸಿದರೂ ಅದು ಸಾರ್ವಜನಿಕರನ್ನು ಹೊತ್ತ ರೈಲು. ಬ್ರಿಟನ್ನಿನ ರೈಲು ನಿಯಂತ್ರಣ ಕಚೇರಿಯ ತಪಾಸಣೆ ಅದಕ್ಕೂ ಅನ್ವಯಿಸುತ್ತದೆ. ಒತ್ತಡದ ಪಾತ್ರೆಗಳ ಕುರಿತ 2000ದ ನಿಯಮಗಳ ಪ್ರಕಾರ ಪ್ರತಿ ಬಾಯ್ಲರಿಗೂ ಬರಹದಲ್ಲಿರುವ ಪರೀಕ್ಷಾ ಯೋಜನೆಯೊಂದು ಇರಬೇಕು. ಅದನ್ನು ಅರ್ಹ ಪರೀಕ್ಷಕ ದೃಢೀಕರಿಸಬೇಕು. ತಣ್ಣಗಿರುವಾಗ ಒಮ್ಮೆ, ಉಗಿ ಏರಿದಾಗ ಒಮ್ಮೆ ನೋಡುವುದು ಪ್ರತಿವರ್ಷದ ಕ್ರಮ. ಹತ್ತು ವರ್ಷದ ಸುಮಾರಿಗೆ ಕೊಳವೆಗಳನ್ನೆಲ್ಲ ಕಿತ್ತು ಬಾಯ್ಲರನ್ನು ಚೌಕಟ್ಟಿನಿಂದ ಎತ್ತಿ ಪೂರ್ತಿ ಪರೀಕ್ಷಿಸುವುದು ಅಲ್ಲಿನ ರೂಢಿ. ಆಗ ಬೇಕಾಗುವ ಬೆಸುಗೆ, ರಿವೆಟ್, ತಗಡಿನ ಕೆಲಸ ಎಲ್ಲ ಸ್ವಯಂಸೇವಕರ ಕೈಗೂ ಎಟುಕುವುದಿಲ್ಲ. ಇಲ್ಲೇ ಸಂಬಳದ ನೌಕರರು ಬರುತ್ತಾರೆ. ತಾಲಿಲ್ಲಿನ್‌ನಲ್ಲಿ ಮೊದಲಿನಿಂದಲೂ ಚಿಕ್ಕದೊಂದು ಸಂಬಳದ ತಂಡವಿದೆ. ವ್ಯವಸ್ಥಾಪಕರು, ಕಾರ್ಖಾನೆಯ ಕುಶಲಕರ್ಮಿಗಳು ಅದರಲ್ಲಿ ಸೇರಿದ್ದಾರೆ. ಪೂರ್ತಿ ಉಚಿತ ದುಡಿಮೆಯಿಂದಲೇ ರೈಲು ಓಡಿತು ಎಂಬ ಜನಪ್ರಿಯ ಮಾತು ಅರ್ಧ ಸತ್ಯ. ಸಂಬಳದವರಿಲ್ಲದಿದ್ದರೆ ಚಳಿಗಾಲದ ದುರಸ್ತಿ ಮುಗಿಯುತ್ತಿರಲಿಲ್ಲ. ಸ್ವಯಂಸೇವಕರಿಲ್ಲದಿದ್ದರೆ ಬೇಸಿಗೆಯ ರೈಲು ಹೊರಡುತ್ತಿರಲಿಲ್ಲ.

ಆ ಕಾರ್ಖಾನೆಯ ಸಾಮರ್ಥ್ಯಕ್ಕೆ ಏಳನೆಯ ಎಂಜಿನ್ ಸಾಕ್ಷಿ. ಐರ್ಲೆಂಡಿನ ಸರ್ಕಾರಿ ಪೀಟ್ ಸಂಸ್ಥೆಗಾಗಿ 1949ರಲ್ಲಿ ಸ್ಕಾಟ್ಲೆಂಡಿನಲ್ಲಿ ಮಾಡಿದ, ಮೂರು ಅಡಿ ಅಗಲದ ಹಳಿಯ, ಜೌಗುನೆಲದ ಪೀಟ್ ಉರುವಲಿನಿಂದ ಓಡುವ ಎಂಜಿನ್ನೊಂದನ್ನು ಸಂಘ ಕೊಂಡಿತು. ಅದರ ಬಾಯ್ಲರ್ ಮತ್ತಿತರ ಭಾಗಗಳನ್ನು ಬಳಸಿ, ತಮ್ಮ ದಾರಿಗೆ ಒಪ್ಪುವ ಬೇರೆಯೇ ಎಂಜಿನ್ನನ್ನು ಪೆಂಡ್ರೆಯಲ್ಲಿ ಕಟ್ಟಿದರು. ವಿನ್ಯಾಸ ಮುಖ್ಯ ಎಂಜಿನಿಯರ್ ಜಾನ್ ಬೇಟ್ ಅವರದು. ಹಣ, ಜನ ಎರಡೂ ಬೇರೆ ಕೆಲಸಗಳಿಗೆ ಹರಿದು ನಡುನಡುವೆ ನಿಂತ ಈ ಕೆಲಸ 1991ರಲ್ಲಿ ಮುಗಿದಾಗ ಎಂಜಿನ್ನಿಗೆ ‘ಟಾಮ್ ರೋಲ್ಟ್’ ಎಂದು ಹೆಸರಿಟ್ಟರು. ರೋಲ್ಟ್ 1974ರಲ್ಲೇ ತೀರಿಕೊಂಡಿದ್ದರು.

ಜನರನ್ನು ಸೆಳೆದದ್ದರಲ್ಲಿ ಬರಹ, ಸಿನಿಮಾಗಳ ಪಾಲೂ ದೊಡ್ಡದು. ಮೊದಲೆರಡು ವರ್ಷಗಳ ಅನುಭವವನ್ನು ರೋಲ್ಟ್ ‘ರೈಲ್ವೇ ಅಡ್ವೆಂಚರ್’ ಎಂಬ ಪುಸ್ತಕವಾಗಿ 1953ರಲ್ಲಿ ಪ್ರಕಟಿಸಿದರು. ಅದೇ ವರ್ಷ ತೆರೆಕಂಡ ‘ದ ಟಿಟ್‌ಫೀಲ್ಡ್ ಥಂಡರ್‌ಬೋಲ್ಟ್’ ಹಾಸ್ಯಚಿತ್ರಕ್ಕೂ ತಾಲಿಲ್ಲಿನ್ ಪ್ರೇರಣೆ. 1957ರಲ್ಲಿ ಬಿಬಿಸಿ ಟೆಲಿವಿಷನ್ ಅಲ್ಲಿಂದಲೇ ನೇರ ಪ್ರಸಾರ ಮಾಡಿತು. ಆದರೆ ಮಕ್ಕಳಿರುವ ಮನೆಗಳಿಗೆ ಈ ರೈಲನ್ನು ಮುಟ್ಟಿಸಿದವರು ಪಾದ್ರಿ ವಿಲ್ಬರ್ಟ್ ಆಡ್ರಿ. ‘ಥಾಮಸ್’ ಎಂಬ ನೀಲಿ ಎಂಜಿನ್ನಿನ ಕಥೆಗಳಿಂದ ಜಗತ್ತಿಗೆಲ್ಲ ಗೊತ್ತಾದ ಆಡ್ರಿ 1952ರಲ್ಲಿ ತಾಲಿಲ್ಲಿನ್‌ನಲ್ಲಿ ಸ್ವಯಂಸೇವಕ ಗಾರ್ಡ್ ಆಗಿ ದುಡಿದರು. ಒಮ್ಮೆ ತಿಂಡಿ ಮಾರುವ ಹೆಂಗಸು ಹತ್ತುವ ಮೊದಲೇ ಹಸಿರು ಬಾವುಟ ಬೀಸಿ ಆಕೆಯನ್ನು ನಿಲ್ದಾಣದಲ್ಲೇ ಬಿಟ್ಟು ರೈಲು ಹೊರಡಿಸಿದರು. ಆ ಪ್ರಸಂಗವೇ ಮುಂದೆ ಅವರ ಕಥೆಯಾಯಿತು. 1955ರಿಂದ ಅವರು ಬರೆದ ಸ್ಕಾರ್ಲೋಯಿ ರೈಲಿನ ಕಥೆಗಳ ಎಂಜಿನ್‌ಗಳಲ್ಲಿ ಹೆಚ್ಚಿನವು ತಾಲಿಲ್ಲಿನ್‌ನವೇ, ಹೆಸರು ಮಾತ್ರ ಬೇರೆ. ಡಾಲ್ಗೋಖ್ ಅಲ್ಲಿ ‘ರೆನಿಯಸ್’. ಅದರ ದುರಸ್ತಿಗೆ ಹಣ ಕೂಡಿಸುತ್ತಿದ್ದ ಹೊತ್ತಿನಲ್ಲಿ, 1962ರಲ್ಲಿ, ಅದರ ಮೇಲೆಯೇ ಒಂದು ಪುಸ್ತಕ ಬಂತು. 1970ರ ದಶಕದ ಆರಂಭದಲ್ಲಿ ವರ್ಷಕ್ಕೆ 1.8 ಲಕ್ಷ ಮೀರಿದ ಪ್ರಯಾಣಗಳಿಗೆ ಈ ಪುಸ್ತಕಗಳ ಓದುಗರ ಕೊಡುಗೆ ಕಡಿಮೆಯಿರಲಾರದು. 1976ರ ಮೇ ತಿಂಗಳಲ್ಲಿ ದಾರಿಯನ್ನು ಅದುವರೆಗೆ ಪ್ರಯಾಣಿಕರ ಕೊನೆಯ ನಿಲ್ದಾಣವಾಗಿದ್ದ ಅಬರ್‌ಗನೋಲ್ವಿನ್‌ನಿಂದ ಮುಂದೆ, ಹಿಂದೆ ಗಣಿಯ ಗಾಡಿಗಳಷ್ಟೇ ಓಡುತ್ತಿದ್ದ ನಾಂಟ್ ಗ್ವೆರ್ನಾಲ್‌ವರೆಗೆ, ಪ್ರಯಾಣಿಕರಿಗಾಗಿ ವಿಸ್ತರಿಸಲಾಯಿತು.

ತಾಲಿಲ್ಲಿನ್ ಹಾಕಿಕೊಟ್ಟ ಮಾದರಿಯನ್ನು ಇತರರು ಬೇಗ ಹಿಡಿದರು. ಉತ್ತರ ವೇಲ್ಸ್‌ನ ಫೆಸ್ಟಿನಿಯಾಗ್ ಮಾರ್ಗ 1955ರಲ್ಲಿ ಮತ್ತೆ ತೆರೆಯಿತು. ದೊಡ್ಡ ಹಳಿಯ ಮಾರ್ಗಗಳಲ್ಲಿ ಮಿಡ್ಲ್‌ಟನ್, ಬ್ಲೂಬೆಲ್ ಎರಡೂ 1960ರಲ್ಲಿ ಸ್ವಯಂಸೇವಕರ ಕೈಯಲ್ಲಿ ಓಡತೊಡಗಿದವು. ಸರ್ಕಾರಿ ರೈಲ್ವೆ 1968ರ ಆಗಸ್ಟ್‌ನಲ್ಲಿ ಮುಖ್ಯ ಮಾರ್ಗಗಳಲ್ಲಿ ಉಗಿಯನ್ನು ಕೈಬಿಟ್ಟ ಮೇಲೆ ಎಂಜಿನ್ ಹುಡುಕುವವರು ದಕ್ಷಿಣ ವೇಲ್ಸ್‌ನ ಬ್ಯಾರಿ ಬಂದರಿನ ವುಡ್‌ಹ್ಯಾಮ್ ಗುಜರಿಗೆ ಹೋದರು. ಮಾಲೀಕ ಡೈ ವುಡ್‌ಹ್ಯಾಮ್ ಮೊದಲು ವ್ಯಾಗನ್ನುಗಳನ್ನು ಒಡೆಯುವುದರಲ್ಲಿ ತೊಡಗಿ ಎಂಜಿನ್‌ಗಳನ್ನು ಹಾಗೇ ಬಿಟ್ಟಿದ್ದರು. ಆ ಸಾಲಿನಿಂದ 213 ಎಂಜಿನ್‌ಗಳು ಉಳಿದು ಬಂದವು. ಸಮುದ್ರದ ಉಪ್ಪುಗಾಳಿಗೆ ತುಕ್ಕು ಹಿಡಿದ, ಹಿತ್ತಾಳೆ, ತಾಮ್ರದ ಬಿಡಿಭಾಗಗಳನ್ನೆಲ್ಲ ಕಳೆದುಕೊಂಡ ಆ ಲೋಹದ ರಾಶಿಗಳನ್ನು ಮತ್ತೆ ಓಡಿಸಿದವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ಇಂದು ಬ್ರಿಟನ್ನಿನ ಸಂರಕ್ಷಿತ ರೈಲುಗಳಲ್ಲಿ 20 ಸಾವಿರ ಮೀರಿದ ಸ್ವಯಂಸೇವಕರಿದ್ದಾರೆ.

ಈಗಿನ ತೊಂದರೆಗಳು 1951ರವಲ್ಲ. ವೇಲ್ಸ್‌ನ ಉಗಿ ಕಲ್ಲಿದ್ದಲಿಗೆ ಒಂದು ಕಾಲಕ್ಕೆ ಜಗತ್ತಿನ ಹಡಗುಗಳೆಲ್ಲ ಕಾದಿದ್ದವು. ಅಲ್ಲಿನ ಕೊನೆಯ ದೊಡ್ಡ ತೆರೆದ ಗಣಿ 2023ರ ಕೊನೆಯಲ್ಲಿ ಮುಚ್ಚಿತು. ಕಲ್ಲಿದ್ದಲಿನ ನಾಡಿನ ಉಗಿಬಂಡಿಗಳೇ ಹೊರದೇಶದ ಕಲ್ಲಿದ್ದಲನ್ನೋ ಪುಡಿಯನ್ನು ಒತ್ತಿ ಮಾಡಿದ ಉಂಡೆಗಳನ್ನೋ ಉರಿಸಬೇಕಾಗಿದೆ. ಉರುವಲು ಬದಲಾದರೆ ಬೆಂಕಿಯ ಹದ ಬದಲಾಗುತ್ತದೆ, ಕಿಟ್ಟ ಬದಲಾಗುತ್ತದೆ, ಫೈರ್‌ಮನ್ ಮತ್ತೆ ಕಲಿಯಬೇಕಾಗುತ್ತದೆ. ಸರ್ಕಾರಿ ರೈಲ್ವೆಯ ಉಗಿಕಾಲದಲ್ಲಿ ದುಡಿದು ಆಮೇಲೆ ಸಂರಕ್ಷಿತ ಮಾರ್ಗಗಳಲ್ಲಿ ಕಲಿಸಿದ ತಲೆಮಾರು ಹೆಚ್ಚುಕಡಿಮೆ ಮುಗಿದಿದೆ. ಈಗ ಕಲಿಸುವವರೂ ಸ್ವಯಂಸೇವಕರಿಂದ ಕಲಿತವರೇ. ಎಳೆಯರನ್ನು ಕರೆತರುವುದಕ್ಕೆ ಕಾರ್ಖಾನೆ ಕೆಲಸದಿಂದ ಮಕ್ಕಳನ್ನು ಕಾಪಾಡಲು ಮಾಡಿದ 1920ರ ಕಾಯ್ದೆಯೇ ಅಡ್ಡ ಬರುತ್ತದೆಂಬ ದೂರು ಪಾರ್ಲಿಮೆಂಟಿನವರೆಗೆ ಹೋಯಿತು. ಮಕ್ಕಳ ರಕ್ಷಣೆಯ ಉದ್ದೇಶ ಸರಿಯಾದದ್ದೇ, ಆದರೆ ಗಣಿ, ಗಿರಣಿಗಳನ್ನು ಮನಸ್ಸಿನಲ್ಲಿಟ್ಟು ಬರೆದ ಕಾನೂನನ್ನು ರಜೆಯಲ್ಲಿ ಹಿತ್ತಾಳೆ ಒರೆಸಲು ಬರುವ ಹುಡುಗಿಗೂ ಹಾಗೇ ಅನ್ವಯಿಸುವುದು ಅತಿಯಾಯಿತು. ತಾಲಿಲ್ಲಿನ್ ಕುಟುಂಬ ಸಮೇತ ಬರುವ ಮಕ್ಕಳಿಗಾಗಿ ‘ಟ್ರ್ಯಾಕ್‌ಸೈಡರ್ಸ್’ ಎಂಬ ಗುಂಪನ್ನು ನಡೆಸುತ್ತದೆ. ಅವರಿಗೆ ವಯಸ್ಸಿಗೊಪ್ಪುವ ಕೆಲಸವಿರುತ್ತದೆ, ದೊಡ್ಡವರ ಮೇಲ್ವಿಚಾರಣೆ ಇರುತ್ತದೆ. ಇಂದಿನ ಡ್ರೈವರುಗಳಲ್ಲಿ ಬಾಲ್ಯದಿಂದ ಅಲ್ಲಿಗೆ ಬಂದವರಿದ್ದಾರೆ.

2021ರ ಜುಲೈನಲ್ಲಿ ಯುನೆಸ್ಕೊ ವಾಯವ್ಯ ವೇಲ್ಸ್‌ನ ಸ್ಲೇಟು ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಬ್ರಿನ್ ಎಗ್ಲೂಯಿಸ್ ಗಣಿಯೂ ತಾಲಿಲ್ಲಿನ್ ರೈಲೂ ಅದರ ಒಂದು ಭಾಗವಾದವು. 1860ರ ದಶಕದ ಎರಡು ಎಂಜಿನ್, ನಾಲ್ಕು ಗಾಡಿ, ಗಾರ್ಡ್ ಗಾಡಿ ಎಲ್ಲವೂ ತಾವು ಹುಟ್ಟಿದ ದಾರಿಯಲ್ಲೇ ಉಳಿದಿವೆ. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಟೌವಿನ್ ದೂರವಲ್ಲ. ಬರ್ಮಿಂಗ್‌ಹ್ಯಾಮ್‌ನಿಂದ ವೇಲ್ಸ್ ಕರಾವಳಿಗೆ ಹೋಗುವ ಕೇಂಬ್ರಿಯನ್ ಮಾರ್ಗದ ರೈಲು ಆ ಊರಿನಲ್ಲಿ ನಿಲ್ಲುತ್ತದೆ. ತಾಲಿಲ್ಲಿನ್‌ನ ವಾರ್ಫ್ ನಿಲ್ದಾಣ ಅಲ್ಲಿಂದ ನಡೆದು ಹೋಗುವಷ್ಟೇ ಹತ್ತಿರ. ನಿಲ್ದಾಣದಲ್ಲೇ ಕಿರುಹಳಿ ರೈಲುಗಳ ಸಂಗ್ರಹಾಲಯವಿದೆ, ಅದರೊಳಗೆ ಆಡ್ರಿಯವರ ಓದುಕೋಣೆಯನ್ನು ಇದ್ದ ಹಾಗೆಯೇ ಜೋಡಿಸಿಟ್ಟಿದ್ದಾರೆ. ಬರೀ ಪ್ರಯಾಣ ಸಾಲದು ಎನ್ನುವವರು ಸಂಘದ ಸದಸ್ಯರಾಗಿ ಶೆಡ್ಡಿನ ಕೆಲಸಕ್ಕೆ ಹೆಸರು ಕೊಡಬಹುದು. ಅನುಭವ ಇರಲೇಬೇಕೆಂದಿಲ್ಲ. ಹಳೆಯ ಬಟ್ಟೆ, ಗಟ್ಟಿ ಬೂಟು, ಬೆಳಿಗ್ಗೆ ಬೇಗ ಏಳುವ ಅಭ್ಯಾಸ ಇದ್ದರೆ ಸಾಕು.